ತಾರಿ ಆಟದ ನೀರಿನ ಲೆಕ್ಕ

“ಕಾರವಾರದ ಬುಲೆಟಿನ್ ಬೋರ್ಡಿನ ಮೇಲೆ ಆಡುತ್ತಿದ್ದ ‘ತಾರಿ’ ಎಂಬ ಆಟವನ್ನು, ಬಂದರಿನ ಕೆಲಸಕ್ಕೆಂದು ಹೊರಗಿನಿಂದ ಬಂದಿದ್ದ ಎಂಜಿನಿಯರೊಬ್ಬರು ಬರೆದರು. ಊರಿನವರು ಆಡಿದರು.”

ಇದು ನಮ್ಮ ಕಡೆ ಬಳಕೆಯಲ್ಲಿರುವ ಮಾತು. ಆ ಕಾಲವನ್ನು ಕಂಡವರು ಈಗ ಕೈಬೆರಳಿನಲ್ಲಿ ಎಣಿಸುವಷ್ಟು ಮಂದಿ ಉಳಿದಿದ್ದಾರೆ; ಅವರೆಲ್ಲರೂ ಇದನ್ನೇ ಹೇಳುತ್ತಾರೆ. ಹಳೆಯ ಆಟಗಳ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೂ ಇವೇ ಎರಡು ವಾಕ್ಯಗಳು ಬರುತ್ತವೆ. ಇದನ್ನು ನಾನೂ ಹಲವು ವರ್ಷ ಹೇಳಿಕೊಂಡು ತಿರುಗಿದ್ದೇನೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ. ಈಗ ಹೇಳುವುದಿಲ್ಲ. ಮೊದಲನೆಯ ವಾಕ್ಯ ಸುಳ್ಳು. ಎರಡನೆಯದು ಮೊದಲನೆಯದರ ನೆರಳಿನಲ್ಲಿ ನಿಂತು ಸತ್ಯದಂತೆ ಕಾಣುತ್ತದೆ.

ನಾನು ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕಾರವಾರದ ದೂರವಾಣಿ ಕೇಂದ್ರದಲ್ಲಿ ದುರಸ್ತಿಯ ಕೆಲಸಕ್ಕೆ ಸೇರಿ ಅಲ್ಲಿಯೇ ನಿವೃತ್ತನಾದೆ. ಇಂಗ್ಲಿಷ್ ಕಲಿತದ್ದು ಸ್ವಿಚ್ಚುಗಳ ಕೈಪಿಡಿಗಳಿಂದ. ಕೈಪಿಡಿಯ ನಕ್ಷೆಯಲ್ಲಿ ಕೆಂಪು ತಂತಿ ಮೂರನೆಯ ಗೂಟಕ್ಕೆ ಹೋಗುತ್ತದೆ ಎಂದಿದ್ದರೆ, ಪೆಟ್ಟಿಗೆ ತೆರೆದು ನೋಡಿದಾಗ ಅದು ಐದನೆಯ ಗೂಟದಲ್ಲಿರುತ್ತಿತ್ತು. ನನಗಿಂತ ಮುಂಚೆ ಯಾರೋ ಒಬ್ಬ ಮಳೆಗಾಲದ ತುಕ್ಕಿಗೆ ಬೇಸತ್ತು ಅದನ್ನು ಸರಿಸಿದ್ದ, ಸರಿಸಿದ್ದನ್ನು ಎಲ್ಲಿಯೂ ಬರೆದಿರಲಿಲ್ಲ. ಹೇಗಿರಬೇಕು ಎಂಬುದನ್ನು ನಕ್ಷೆ ಹೇಳುತ್ತದೆ, ಹೇಗಿದೆ ಎಂಬುದನ್ನು ತಂತಿ ಹೇಳುತ್ತದೆ. ನನ್ನ ವಿದ್ಯಾಭ್ಯಾಸವೆಲ್ಲ ಇಷ್ಟೇ.

ಬುಲೆಟಿನ್ ಬೋರ್ಡ್ ಎಂದರೆ ಏನೆಂದು ಇಂದಿನವರಿಗೆ ತಿಳಿಸಬೇಕು. ಮೂವತ್ತು ವರ್ಷಗಳ ಹಿಂದೆ, ಇಂಟರ್ನೆಟ್ ಎಂಬುದು ನಮಗೆ ಪತ್ರಿಕೆಯಲ್ಲಿ ಓದಿದ ಹೆಸರು ಮಾತ್ರವಾಗಿದ್ದಾಗ, ನನ್ನ ಸ್ನೇಹಿತನೊಬ್ಬ ಕಾರವಾರದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. ಅವನನ್ನು ಊರೆಲ್ಲ ಮಾಸ್ತರ ಎಂದೇ ಕರೆಯುತ್ತಿತ್ತು, ನಾನೂ ಹಾಗೆಯೇ ಕರೆಯುತ್ತೇನೆ. ಟೈಪ್‌ರೈಟರುಗಳ ನಡುವೆ ಅವನು ಒಂದು ಕಂಪ್ಯೂಟರ್ ತಂದಿಟ್ಟ. ಅದಕ್ಕೆ ಒಂದು ಮೋಡೆಮ್ ಜೋಡಿಸಿ ಟೆಲಿಫೋನ್ ತಂತಿಗೆ ಕಟ್ಟಿದವನು ನಾನು. ಬೇರೆ ಕಡೆಯ ಕಂಪ್ಯೂಟರಿನಿಂದ ಯಾರಾದರೂ ಆ ನಂಬರಿಗೆ ಫೋನ್ ಮಾಡಿದರೆ ನಮ್ಮ ಕಂಪ್ಯೂಟರು ಎತ್ತಿಕೊಳ್ಳುತ್ತಿತ್ತು. ಅವರ ಪರದೆಯ ಮೇಲೆ ನಮ್ಮ ಬೋರ್ಡಿನ ಅಕ್ಷರಗಳು ಮೂಡುತ್ತಿದ್ದವು. ಸಂದೇಶ ಓದಬಹುದು, ಬರೆದಿಡಬಹುದು, ಆಟ ಆಡಬಹುದು. ಇದ್ದದ್ದು ಒಂದೇ ಲೈನು. ಒಬ್ಬರು ಒಳಗಿದ್ದಾಗ ಉಳಿದವರಿಗೆ ಎಂಗೇಜ್ ಶಬ್ದ. ಅದೂ ಮಧ್ಯಾಹ್ನ ಒಂದರಿಂದ ಮೂರರವರೆಗೆ, ಮಾಸ್ತರ ಕ್ಲಾಸಿಗೆ ಬೀಗ ಹಾಕಿ ಊಟಕ್ಕೆ ಹೋಗುವ ಹೊತ್ತಿನಲ್ಲಿ ಮಾತ್ರ. ಅಕ್ಷರಗಳು ಇಂಗ್ಲಿಷಿನವು, ಮಾತು ಕನ್ನಡ, ಕೆಲವೊಮ್ಮೆ ಕೊಂಕಣಿ.

ಆಡುವವರಿಗೆ ಹೆಸರಿರಲಿಲ್ಲ, ನಂಬರುಗಳಿದ್ದವು. ಒಂದು ನಾನು, ಎರಡು ಮಾಸ್ತರ, ಮೂರು ಬಂದರಿನ ಎಂಜಿನಿಯರ್ ಸಾಹೇಬರು. ನಾಲ್ಕು ಎಂದರೆ ಅಂಕೋಲೆಯ ಒಂದು ಗೇರುಬೀಜದ ವಖಾರಿಯ ಕಂಪ್ಯೂಟರು. ಅದನ್ನು ಆಡುವವರು ವಖಾರಿಯ ಮಾಲಕರೇ ಎಂದು ನಾವೆಲ್ಲ ತಿಳಿದಿದ್ದೆವು. ಕೇಳಿರಲಿಲ್ಲ, ತಿಳಿದುಕೊಂಡಿದ್ದೆವು.

ದೋಣಿಯಲ್ಲಿ ಹೊಳೆ ದಾಟುವ ಕಡವಿಗೆ ನಮ್ಮ ಕಡೆ ತಾರಿ ಎನ್ನುತ್ತಾರೆ. ಆಟವೂ ಅದೇ. ಪರದೆಯ ಮೇಲೆ ಎರಡು ದಂಡೆ, ನಡುವೆ ಚುಕ್ಕೆಗಳಿಂದ ಬರೆದ ಹೊಳೆ, ಅಳಿವೆಯ ಬಾಯಲ್ಲಿ ಮರಳದಿಬ್ಬ. ಪ್ರತಿಯೊಬ್ಬರಿಗೂ ಒಂದು ದೋಣಿ, ದಿನಕ್ಕೆ ಐದು ನಡೆ. ಗೇರುಬೀಜದ ಮೂಟೆ, ಮಾವಿನ ಬುಟ್ಟಿ, ಒಮ್ಮೊಮ್ಮೆ ಮದುವೆಯ ದಿಬ್ಬಣ ದಾಟಿಸಬೇಕು. ಭರತಿಯ ನೀರು ಏರಿದಾಗ ದಾಟಿದರೆ ಸುಖ; ಇಳಿತದಲ್ಲಿ ಹೊರಟರೆ ದೋಣಿ ದಿಬ್ಬಕ್ಕೆ ಹತ್ತಿ ಮರುದಿನದವರೆಗೆ ಅಲ್ಲಿಯೇ. ದಿಬ್ಬಣ ಸಿಕ್ಕಿಬಿದ್ದರಂತೂ ಮುಹೂರ್ತ ತಪ್ಪಿ, ಇದ್ದ ಅಂಕವೆಲ್ಲ ಹೋಗುತ್ತಿತ್ತು. ಒಬ್ಬರು ಬಿಟ್ಟುಹೋದ ದೋಣಿ ಇನ್ನೊಬ್ಬರ ದಾರಿಗೆ ಅಡ್ಡವಾಗುತ್ತಿತ್ತು, ಆದ್ದರಿಂದ ಬೈಗುಳಗಳೂ ಧಾರಾಳ. ಮಾಸ್ತರ ಒಮ್ಮೆ ಬೋರ್ಡಿನ ಮೇಲೆ ಬರೆದ: “ನಾಲ್ಕನೆಯವರೇ, ನಿಮ್ಮ ದೋಣಿಗೆ ಇರೋದು ತಳವೋ, ಜಾಳಿಗೆಯೋ?” ಮರುದಿನ ನಾಲ್ಕನೆಯವರ ಉತ್ತರ ಬಂತು: “ನೀರಿಲ್ಲದಲ್ಲಿ ದೋಣಿ ಹಾಕುವವರಿಗೆ ಬೇರೆಯವರ ತಳದ ಚಿಂತೆ ಯಾಕೆ?” ಎರಡು ದಿನ ಮಾಸ್ತರನಿಗೆ ಊಟ ಸೇರಲಿಲ್ಲ.

ಇಷ್ಟು ಹಿನ್ನೆಲೆ. ಈಗ ವಿಷಯ.

ಕಳೆದ ಬೇಸಿಗೆಯಲ್ಲಿ ಹೊರ ಊರಿನ ತರುಣಿಯೊಬ್ಬಳು ನನಗೆ ಫೋನ್ ಮಾಡಿದಳು. ಬುಲೆಟಿನ್ ಬೋರ್ಡುಗಳ ಕಾಲದ ಆಟಗಳನ್ನು ಹುಡುಕಿ, ಕೆಟ್ಟ ಫ್ಲಾಪಿಗಳಿಂದ ಅವುಗಳನ್ನು ಬಿಡಿಸಿ, ಇಂದಿನ ಯಂತ್ರಗಳಲ್ಲಿ ಓಡುವಂತೆ ಮಾಡಿ, ಪ್ರತಿ ಆಟಕ್ಕೂ ಬರೆದವರ ಹೆಸರಿಟ್ಟು ಪಟ್ಟಿಗೆ ಸೇರಿಸುವುದು ಅವಳೂ ಅವಳ ನಾಲ್ಕಾರು ಸ್ನೇಹಿತರೂ ಸಂಬಳವಿಲ್ಲದೆ ಮಾಡುವ ಕೆಲಸ. ಎಂಜಿನಿಯರ್ ಸಾಹೇಬರು ತೀರಿಕೊಂಡಿದ್ದರು. ಅವರ ಮನೆಯವರು ಕಪಾಟು ಖಾಲಿ ಮಾಡುವಾಗ ಸಿಕ್ಕ ಒಂದು ಫ್ಲಾಪಿಯನ್ನು ಇವಳಿಗೆ ಕಳಿಸಿದ್ದರು. ಅದರಲ್ಲಿ ತಾರಿ ಇತ್ತು.

“ಸರ್, ನಿಮ್ಮಿಂದ ಒಂದು ‘ಹೌದು’ ಸಿಕ್ಕಿದ್ರೆ ಸಾಕು. ಎಂಜಿನಿಯರ್ ಬರೆದದ್ದು ಅಲ್ವಾ?” ಎಂದಳು.

“ಹೌದು” ಎಂದೆ.

“ಎಂಥಾ ಶಿಸ್ತು ನೋಡಿ ಸರ್ ಅವರದ್ದು! ವರ್ಷದ ಪ್ರತಿ ದಿನದ ಉಬ್ಬರದ ಹೊತ್ತನ್ನೂ ಸಾಲಾಗಿ ತುಂಬಿಟ್ಟಿದ್ದಾರೆ. ಫೆಬ್ರವರಿಯಲ್ಲಿ ಒಂದು ಕಡೆ ಮಾತ್ರ ಎರಡು ಸಾಲು ಅದಲುಬದಲಾಗಿದೆ. ಅಷ್ಟು ಬಿಟ್ರೆ ಒಂದು ತಪ್ಪಿಲ್ಲ.”

ಆ ಅದಲುಬದಲು ನನ್ನದು. ಅವಳು ಹೇಳಿದ ಕ್ಷಣವೇ ನೆನಪಾಯಿತು. ಬಂದರಿನ ಉಬ್ಬರವಿಳಿತದ ಮುದ್ರಿತ ಪಟ್ಟಿಯನ್ನು ಮಾಸ್ತರ ಗಟ್ಟಿಯಾಗಿ ಓದುತ್ತಿದ್ದ, ನಾನು ಒಂದೊಂದೇ ಅಂಕೆಯನ್ನು ಕೀಲಿಮಣೆಯಲ್ಲಿ ಒತ್ತುತ್ತಿದ್ದೆ. ಫೆಬ್ರವರಿಗೆ ಬಂದಾಗ ಬಾಗಿಲಲ್ಲಿ ಮೀನಿನವಳು ಕೂಗಿದಳು. ಮಾಸ್ತರ ಓದುವುದನ್ನು ನಿಲ್ಲಿಸಿ ಬಂಗಡೆಯ ಚೌಕಾಸಿಗೆ ಎದ್ದುಹೋದ, ಬಂದವನು ಒಂದು ಸಾಲು ಹಾರಿಸಿ ಓದಿದ, ಹಾರಿದ್ದನ್ನು ಆಮೇಲೆ ಸೇರಿಸಿದ. ಅಂದರೆ ಅವಳು ಎಂಜಿನಿಯರರ ಶಿಸ್ತು ಎಂದು ಮೆಚ್ಚಿದ್ದು ನನ್ನ ಬೆರಳಿನ ಕೆಲಸ. ಆಟದ ನೀರನ್ನು ತುಂಬಿದವನು ನಾನಾದರೆ, ನಾನು ತುಂಬುವುದಕ್ಕೆ ಮುಂಚೆ ಅಲ್ಲಿ ಯಾವ ನೀರಿತ್ತು? ಅದನ್ನು ಯಾರು ತುಂಬಿದ್ದರು? ನೆನಪಾಗಲಿಲ್ಲ.

“ಸ್ವಲ್ಪ ತಡಿ ತಂಗಿ, ನನ್ನ ‘ಹೌದು’ ವಾಪಸು ಕೊಡು” ಎಂದೆ.

ಅವಳು ನಕ್ಕಳು. “ತಗೊಳ್ಳಿ ಸರ್. ಆದ್ರೆ ಈ ತಿಂಗಳ ಕೊನೆಗೆ ಪಟ್ಟಿ ಮುಚ್ತೀವಿ. ಆಮೇಲೆ ಎಲ್ಲಾ ಕಡೆ ಅದೇ ನಕಲಾಗ್ತಾ ಹೋಗ್ತದೆ, ತಿದ್ದೋದು ಕಷ್ಟ.”

ಮರುದಿನ ಮಾಸ್ತರನ ಮನೆಗೆ ಹೋದೆ. ಅವನ ಕ್ಲಾಸು ಮುಚ್ಚಿ ಬಹಳ ಕಾಲವಾಗಿದೆ. ಮನೆಮಾತು ಕೊಂಕಣಿ, ಸಿಟ್ಟು ಬಂದಾಗ ಮಾತ್ರ ಶುದ್ಧ ಕನ್ನಡ.

“ಯೋ ರೆ ಯೋ” ಎಂದು ಒಳಗೆ ಕರೆದ. ವಿಷಯ ಕೇಳಿದ ಮೇಲೆ ಅವನಿಗೆ ಶುದ್ಧ ಕನ್ನಡವೇ ಬಂತು. “ನಿನ್ನ ಹಣೆಬರಹವೇ ಇಷ್ಟು. ಜನ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದರೆ ನೀನು ಬೆಳಿಗ್ಗೆ ಎದ್ದು ಪಡುಗಡೆ ನೋಡುವವನು. ಸಾಹೇಬರು ಬರೆದರು. ನನ್ನ ಕಣ್ಣಾರೆ ನೋಡಿದ್ದೇನೆ.”

“ಬರೆಯೋದನ್ನ ನೋಡಿದ್ಯಾ?”

“ಫ್ಲಾಪಿ ತಂದು ಕೊಟ್ಟಿದ್ದನ್ನು ನೋಡಿದೆ. ಅವರ ಕೈಯಲ್ಲೇ ಇತ್ತು.”

“ಪೋಸ್ಟ್‌ಮ್ಯಾನ್ ಕೈಯಲ್ಲೂ ಕಾಗದ ಇರ್ತದೆ ಮಾರಾಯಾ. ಬರೆದವನು ಅವನೇ ಏನು?”

 ಮಾಸ್ತರನ ಹೆಂಡತಿ ಚಹಾ ತಂದಿಟ್ಟು, “ಇಬ್ಬರೂ ಸೇರಿ ಇಪ್ಪತ್ತು ಹಲ್ಲೂ ಇಲ್ಲ, ಜಗಳಕ್ಕೆ ಮಾತ್ರ ಕಡಿಮೆಯಿಲ್ಲ” ಎಂದು ಹೇಳಿ ಹೋದರು. ಅರ್ಧ ಲೋಟ ಮುಗಿದ ಮೇಲೆ ಮಾಸ್ತರ ಮೆಲ್ಲಗೆ ಹೇಳಿದ:

“ಒಂದು ಮಾತು ಇತ್ತು ರೆ. ಆ ಫ್ಲಾಪಿ ಗೇರುಬೀಜದ ವಖಾರಿಯ ಲಕೋಟೆಯೊಳಗೆ ಬಂದಿತ್ತು. ಅಂಕೋಲೆ ಬಸ್ಸಿನ ಕಂಡಕ್ಟರ ತಂದು ನಮ್ಮ ಬಾಗಿಲಿಗೆ ಬಂದ, ಬೀಗ ಇತ್ತು. ಮೆಟ್ಟಿಲ ಮೇಲೆ ಸಾಹೇಬರು ಕೂತಿದ್ದರು, ಅವರಿಗೆ ಕೊಟ್ಟು ಹೋದನಂತೆ.”

“ಇದನ್ನ ಮೂವತ್ತು ವರ್ಷ ಯಾಕೆ ಹೇಳಲಿಲ್ಲ?”

“ನೀನು ಕೇಳಲಿಲ್ಲ. ನೀನು ಎಲ್ಲಾ ಗೊತ್ತಿದ್ದವನಲ್ವಾ?”

ಆಮೇಲೆ ಅವನು ಇನ್ನೊಂದು ಮಾತು ಸೇರಿಸಿದ. ನಾವು ಬಂದರಿನ ಪಟ್ಟಿಯನ್ನು ಆಟಕ್ಕೆ ತುಂಬಿದ ಮೇಲೆ ನಾಲ್ಕನೆಯವರಿಂದ ಒಂದು ಸಂದೇಶ ಬಂದಿತ್ತು: “ನೀರು ಕೆಡಿಸಿದಿರಿ.” ಅಷ್ಟೇ. ಅದಾದ ಮೇಲೆ ನಾಲ್ಕನೆಯ ನಂಬರಿನಿಂದ ಫೋನ್ ಬರಲಿಲ್ಲ. ವಖಾರಿಯ ಮಾಲಕರಿಗೆ ಸೋಲು ಸಹಿಸಲಾಗಲಿಲ್ಲ ಎಂದು ನಾವು ನಕ್ಕಿದ್ದೆವು.

ಅಂಕೋಲೆಗೆ ಹೋದೆ. ಆ ವಖಾರಿ ಈಗಲೂ ಇದೆ. ಮಾಲಕರ ಮಗ ಇಶಾಡು ಮಾವಿನ ಬುಟ್ಟಿಗಳ ನಡುವೆ ಕೂತಿದ್ದ. ಕೇಳಿದ್ದಕ್ಕೆ, “ಅಪ್ಪಗೆ ಕಂಪ್ಯೂಟರ್ ಚಾಲೂ ಮಾಡೂಕೇ ಬರ್ತಿರ್ಲಿಲ್ಲ, ಆಟ ಎಲ್ಲಿಂದ? ಅದ್ರ ಮುಂದೆ ಕೂತ್ಕಳ್ತಿದ್ದದ್ದು ನಮ್ಮ ಟೈಪಿಸ್ಟ್ ಅಕ್ಕ. ತಾರಿ ದೋಣಿಯವರ ಮಗಳು, ಮಂಜಗುಣಿಯವ್ರು” ಎಂದ. ಆಕೆ ಅಂಕೋಲೆಯಲ್ಲೇ ಮನೆ ಮಾಡಿಕೊಂಡು, ಬೇರೊಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಾರೆಂದು ದಾರಿ ತೋರಿಸಿದ.

ಭಾನುವಾರವಾದ್ದರಿಂದ ಆಕೆ ಮನೆಯಲ್ಲಿದ್ದರು. ಐವತ್ತು ದಾಟಿದ ಹೆಂಗಸು. ನಾನು ಯಾರೆಂದು ಹೇಳಿದೆ. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಮಾತು ಕೊಡಲಿಲ್ಲ.

“ತಾರಿ ಆಟವನ್ನು ಬರೆದದ್ದು ಯಾರು?” ಎಂದು ನೇರವಾಗಿ ಕೇಳಿದೆ.

“ಎಂಜಿನಿಯರ್ ಸಾಹೇಬ್ರು. ಮೊಬೈಲ್‌ನಲ್ಲಿ ಉಂಟಲ್ಲ, ನೋಡಿ.”

“ಮೊಬೈಲ್ ಕೇಳ್ಲಿಲ್ಲ, ನಿಮ್ಮನ್ನು ಕೇಳ್ದೆ.”

ಆಕೆ ಎದುರಿಗೆ ಬಂದು ಕೂತರು. “ಅಣ್ಣಾ, ಎರಡು ವರ್ಷದ ಹಿಂದೆ ನಮ್ಮ ಆಫೀಸಲ್ಲಿ ಕಂಪ್ಯೂಟರ್ ತರಬೇತಿ ಇಟ್ಟಿದ್ರು. ಕಲಿಸೂಕೆ ಬಂದವ, ‘ವಯಸ್ಸಾದವ್ರಿಗೆ ಇದೆಲ್ಲ ಕಷ್ಟ ಅಕ್ಕಾ’ ಅಂದ. ನಂಗೆ ತಡೀಲಿಲ್ಲ. ನೀ ಹುಟ್ಟೂ ಮುಂಚೆ ನಾನೊಂದು ಆಟ ಬರ್ದಿದ್ದೆ, ಕಾರವಾರದವ್ರು ಫೋನ್ ಮಾಡಿ ಆಡ್ತಿದ್ರು ಅಂದೆ. ಅವ ಅಲ್ಲೇ ಮೊಬೈಲ್ ತೆಗ್ದ, ಎಲ್ಲರ ಮುಂದೆ ಓದ್ದ. ಎಂಜಿನಿಯರೊಬ್ಬರು ಬರೆದರು, ಊರಿನವರು ಆಡಿದರು. ಎಲ್ಲ ನಕ್ರು. ಈಗ್ಲೂ ನಂಗೆ ಅಲ್ಲಿ ‘ಆಟದಕ್ಕ’ ಅಂತಾರೆ.”

“ನಗುವವರು ನಗ್ತಾರೆ” ಎಂದೆ.

“ಅವ್ರು ನಗ್ಲಿ. ಮಗಳೂ ಆ ಸಾಲು ಓದ್ಲು. ಮನೆಗೆ ಬಂದು, ‘ಆಯಿ, ಹೊರಗಿನವ್ರ ಮುಂದೆ ಸುಳ್ಳು ಯಾಕೆ ಹೇಳ್ದೆ?’ ಕೇಳ್ತು. ಅದು ಮಾಸ್ತರಣಿ, ಮಕ್ಕಳಿಗೆ ಸುಳ್ಳು ಹೇಳ್ಬೇಡಿ ಅಂತ ಕಲಿಸೂದು. ನಾನು ಉತ್ತರ ಕೊಡ್ಲಿಲ್ಲ. ಕೊಡೂಕೆ ಕೈಯಲ್ಲಿ ಎಂತ ಉಂಟು? ನನ್ನ ಫ್ಲಾಪಿಗೆ ಬೂಸ್ಟು ಹಿಡ್ದು ಎಷ್ಟೋ ವರ್ಷ ಆಯ್ತು.”

ನಾನು ಬಂದದ್ದು ಒಂದು ಪಟ್ಟಿಯ ಸಾಲನ್ನು ತಿದ್ದಲು. ಆ ಸಾಲಿನಿಂದ ಒಂದು ಮನೆಯೊಳಗೆ ಮಗಳು ತಾಯಿಯನ್ನು ಎರಡು ವರ್ಷಗಳಿಂದ ನಂಬುತ್ತಿಲ್ಲ ಎಂಬುದು ಆಗಲೇ ತಿಳಿದದ್ದು. ಆದರೂ ನಾನು ಆಕೆಯನ್ನು ಕೂಡಲೇ ನಂಬಲಿಲ್ಲ. ನಂಬಿಕೆಯಿಂದ ಪುರಾವೆ ಹುಟ್ಟುವುದಿಲ್ಲ. ಮೊದಲಿನ ಆಟದಲ್ಲಿ ನೀರಿನ ಲೆಕ್ಕವನ್ನು ಹೇಗೆ ಮಾಡಿದ್ದಿರಿ ಎಂದು ಕೇಳಿದೆ.

ಆಕೆ ತಡಮಾಡದೆ ಹೇಳಿದರು. ಮಂಜಗುಣಿಯ ತಾರಿಯಲ್ಲಿ ದೋಣಿ ಹಾಕುತ್ತಿದ್ದ ಆಕೆಯ ತಂದೆ ಬಂದರಿನ ಪಟ್ಟಿಯನ್ನು ಕಂಡವರಲ್ಲ. ಅವರ ಲೆಕ್ಕ ತಿಥಿಯದು. ಅಮಾವಾಸ್ಯೆಗೂ ಹುಣ್ಣಿಮೆಗೂ ಭರತಿ ಯಾವ ಹೊತ್ತಿಗೆ ಬರುತ್ತದೆ ಎಂಬುದು ಹೊಳೆಯವರಿಗೆಲ್ಲ ಗೊತ್ತು. ಅಲ್ಲಿಂದ ಮುಂದೆ ಒಂದೊಂದು ತಿಥಿಗೆ ಎರಡೆರಡು ಘಳಿಗೆ ತಡ. ಎರಡು ಘಳಿಗೆ ಎಂದರೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು. ಪಂಚಮಿಯಾದರೆ ಹತ್ತು ಘಳಿಗೆ ತಡ, ಅಷ್ಟಮಿಯಾದರೆ ಹದಿನಾರು. ಆಕೆ ವರ್ಷದ ಪಂಚಾಂಗವನ್ನು ಮುಂದಿಟ್ಟುಕೊಂಡು ದಿನಕ್ಕೊಂದು ತಿಥಿಯ ಅಂಕೆಯನ್ನು ಕಂಪ್ಯೂಟರಿಗೆ ತುಂಬಿದ್ದರು. ಆ ಅಂಕೆಯನ್ನು ಎರಡರಿಂದ ಗುಣಿಸುವ ಕೆಲಸ ಯಂತ್ರದ್ದು.

“ಅದ್ರಲ್ಲಿ ಒಂದು ತಪ್ಪಿತ್ತು. ನಂಗೂ ಆಮೇಲೆ ಗೊತ್ತಾಯ್ತು” ಎಂದರು. “ಕೆಲವೊಮ್ಮೆ ಒಂದೇ ತಿಥಿ ಎರಡು ಬೆಳಗ್ಗೆ ಇರ್ತದೆ. ಪಂಚಾಂಗದಲ್ಲಿ ಇವತ್ತೂ ದಶಮಿ, ನಾಳೆಯೂ ದಶಮಿ. ಆಗ ನನ್ನ ಆಟದಲ್ಲಿ ನೀರು ನಿನ್ನೆಯ ಹೊತ್ತಿಗೇ ಬರ್ತಿತ್ತು. ಕೆಲವೊಮ್ಮೆ ಒಂದು ತಿಥಿ ಲೋಪ ಆಗ್ತದೆ. ಆಗ ನೀರು ಒಂದೇ ದಿನಕ್ಕೆ ನಾಲ್ಕು ಘಳಿಗೆ ಹಾರ್ತಿತ್ತು.”

“ನಿಮ್ಮ ಅಪ್ಪನ ಲೆಕ್ಕ ತಪ್ಪಾಗ್ತಿರಲಿಲ್ವಾ ಹಾಗಾದ್ರೆ?”

“ಅಪ್ಪಂದೂ ತಪ್ಪೇ. ಆದ್ರೆ ಅಪ್ಪ ದೋಣಿ ಹಾಕೂ ಮುಂಚೆ ಹೊಳೆ ನೋಡ್ತಿದ್ರು. ನನ್ನ ಕಂಪ್ಯೂಟರ್ ಹೊಳೆ ನೋಡ್ಲಿಲ್ಲ.”

ನನಗೆ ಆಗ ಬಂದರಿನ ಸಾಹೇಬರ ಮಾತು ನೆನಪಾಯಿತು. ಬೋರ್ಡಿನ ಮುಂದೆ ಕೂತು ಅವರು ತಲೆ ಕೊಡವುತ್ತಿದ್ದರು: ಲೋಕದ ಯಾವ ಸಮುದ್ರವೂ ಎರಡು ದಿನ ಒಂದೇ ಹೊತ್ತಿಗೆ ಉಕ್ಕುವುದಿಲ್ಲ, ಇದೆಂಥ ನೀರು! ಆಟ ಅವರದೇ ಆಗಿದ್ದರೆ, ತನ್ನ ಲೆಕ್ಕವನ್ನು ಕಂಡು ತಾನೇ ಬೆರಗಾಗುವವರು ಯಾರಿದ್ದಾರೆ? ಬಂದರಿನ ಎಂಜಿನಿಯರ್ ಇಂಥ ತಪ್ಪು ಮಾಡುವುದು ಸಾಧ್ಯವೇ ಇಲ್ಲ. ಅವರ ಮೇಜಿನ ಮೇಲೆ ಮುದ್ರಿತ ಪಟ್ಟಿಯಿತ್ತು. ಇದು ತಾರಿಯವರ ಮಗಳು ಮಾತ್ರ ಮಾಡಬಹುದಾದ ತಪ್ಪು. ಅದನ್ನು ನಾನು ಸರಿಪಡಿಸಿದೆ. ಸರಿಪಡಿಸುವಾಗ ಯಾರು ಬರೆದರು ಎಂಬುದರ ಒಂದೇ ಗುರುತನ್ನು ಅಳಿಸಿದೆ. ಹಳೆಯ ಲೆಕ್ಕದ ಮೇಲೆ ಹೊಸದನ್ನು ತುಂಬಿದ್ದರಿಂದ ಮೊದಲಿನದು ಯಾವ ಫ್ಲಾಪಿಯಲ್ಲಿಯೂ ಉಳಿಯಲಿಲ್ಲ. ಪಟ್ಟಿಯನ್ನು ತಂದುಕೊಟ್ಟ ಸಾಹೇಬರಿಗೆ ಗೌರವವಿರಲಿ ಎಂದು ಆಟದ ಮೊದಲ ಪರದೆಯಲ್ಲಿ ಅವರ ಹೆಸರನ್ನು ಹಾಕಿದವನೂ ನಾನೇ. ‘ರಚನೆ’ ಎಂದು ಹಾಕಿದ್ದೆ. ನಾಲ್ಕನೆಯವರ ಬಗ್ಗೆ ಯೋಚಿಸಲೇ ಇಲ್ಲ. ಮೂವತ್ತು ವರ್ಷ ಊರು ಹೇಳಿದ್ದು ನನ್ನ ಆ ಒಂದು ಸಾಲನ್ನು.

ಇದನ್ನು ಆಕೆಗೆ ಅಲ್ಲಿಯೇ ಹೇಳಿದೆ. ಆಕೆ ಕೋಪಿಸಿಕೊಳ್ಳಲಿಲ್ಲ. “ಹೌದಾ? ಸಾಹೇಬ್ರೇ ಹಾಕ್ಕೊಂಡ್ರು ಅಂದ್ಕಂಡಿದ್ದೆ. ಪಾಪ, ಸುಮ್ನೆ ಬೈದೆ ಇಷ್ಟು ವರ್ಷ” ಎಂದರು.

ಕಾರವಾರಕ್ಕೆ ಮರಳುವ ಬಸ್ಸಿನಲ್ಲಿ ನನ್ನ ಮುಂದಿದ್ದ ಪ್ರಶ್ನೆ ಒಂದೇ. ಆಕೆ ಹೇಳಿದ್ದು ಸರಿಯಾಗಿ ಕೂಡಿಬರುತ್ತದೆ. ಆದರೆ ಕೂಡಿಬರುವಂತೆ ಕತೆ ಕಟ್ಟಲು ಬುದ್ಧಿವಂತರಿಗೆ ಬರುತ್ತದೆ. ನನ್ನ ತಪ್ಪೊಪ್ಪಿಗೆಯೂ ಪುರಾವೆಯಲ್ಲ. ಮುದುಕನ ನೆನಪು ಎಂದು ತಳ್ಳಿಹಾಕಬಹುದು. ಆಗ ಬರೆದಿಟ್ಟದ್ದು, ಈಗ ಯಾರೂ ಬದಲಿಸಲಾಗದ್ದು ಏನಾದರೂ ಬೇಕು.

ದೂರವಾಣಿ ಕೇಂದ್ರದಲ್ಲಿ ನಮಗೊಂದು ಪದ್ಧತಿಯಿತ್ತು. ದೂರು ಬಂದರೆ ಅದನ್ನು ದೂರಿತ್ತವರ ಮಾತಿನಲ್ಲಿಯೇ ತಾರೀಖು ಸಹಿತ ಬರೆಯಬೇಕು. ನಮ್ಮ ವ್ಯಾಖ್ಯಾನ ಸೇರಿಸಬಾರದು. ದುರಸ್ತಿಯಾದ ಮೇಲೆ ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ನಿವಾರಿಸಲಾಗಿದೆ’ ಎಂದು ಬರೆದು ಮುಗಿಸಬೇಕು. ಕೈಗೆ ಅಂಟಿದ ಈ ಚಟವನ್ನು ನಾನು ಬೋರ್ಡಿಗೂ ಒಯ್ದಿದ್ದೆ. ಮಾಸ್ತರನ ಕ್ಲಾಸಿನಲ್ಲಿ ಕಂಪ್ಯೂಟರಿನ ಪಕ್ಕ ಒಂದು ಉದ್ದ ವಹಿ ಇಟ್ಟಿದ್ದೆ. ಅಲ್ಲಿಗೆ ಬಂದವರು ತಮ್ಮ ದೂರನ್ನು ತಾವೇ ಬರೆಯುತ್ತಿದ್ದರು. ಆ ವಹಿಯನ್ನು ಮಾಸ್ತರನ ಹೆಂಡತಿ ಕಂಡುಹಿಡಿದರು. ಅದರ ಮೇಲೆ ಹೊಲಿಗೆ ಯಂತ್ರ ಕೂತಿತ್ತು. ಕಾಲು ಸಮವಾಗಲೆಂದು ಕೆಳಗೆ ಕೊಟ್ಟಿದ್ದರಂತೆ.

ಇಡೀ ವಹಿಯನ್ನು ಓದಿದೆ. ಲೈನು ಕಡಿದದ್ದು, ಪರದೆ ನಡುಗಿದ್ದು, ಮಾಸ್ತರ ಒಂದೂವರೆಗೇ ಬೀಗ ತೆಗೆದು ಆಟ ಕೆಡಿಸಿದ್ದು, ಎಲ್ಲ ಇತ್ತು. ನೀರಿನ ಬಗ್ಗೆ ಒಂಬತ್ತು ದೂರುಗಳಿದ್ದವು. ಕೆಲವುಗಳಲ್ಲಿ ‘ನಿನ್ನೆಯ ಹೊತ್ತಿಗೇ ನಿಂತಿದೆ’, ಕೆಲವುಗಳಲ್ಲಿ ‘ಒಮ್ಮೆಲೇ ಹಾರಿದೆ’. ಮೂರು ಕೈಬರಹ: ನನ್ನದು, ಮಾಸ್ತರನದು, ಸಾಹೇಬರದು. ಆಗ ನಮ್ಮಲ್ಲಿ ಯಾರಿಗೂ ತಿಥಿಯ ಸುಳಿವು ಇರಲಿಲ್ಲ. ಆದ್ದರಿಂದ ಆ ತಾರೀಖುಗಳನ್ನು ತಿಥಿಗೆ ಹೊಂದಿಸಿ ಬರೆದರು ಎಂದು ಯಾರೂ ಹೇಳುವಂತಿಲ್ಲ.

ಆಕೆಗೆ ಫೋನ್ ಮಾಡಿ, ಆ ವರ್ಷದ ಪಂಚಾಂಗ ಬೇಕು, ನಿಮ್ಮ ಮನೆಯದು ಬೇಡ, ಬೇರೆ ಮನೆಯದು ಬೇಕು, ಅದನ್ನು ನಿಮ್ಮ ಮಗಳೇ ತರಲಿ ಎಂದೆ. ಮುಂದಿನ ಭಾನುವಾರ ನಾನು ಹೋದಾಗ ಮಗಳು ಅಂಗಳದಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದಳು. ಮಂಜಗುಣಿಯ ಪುರೋಹಿತರೊಬ್ಬರ ಮನೆಯಲ್ಲಿ ಹಳೆಯ ಪಂಚಾಂಗಗಳನ್ನು ಮೂಲೆಗೆ ತೂತು ಮಾಡಿ ಹುರಿಯಲ್ಲಿ ಪೋಣಿಸಿ ತೂಗುಹಾಕಿರುತ್ತಾರೆ. ಅದರಿಂದ ಒಂದನ್ನು ಬಿಡಿಸಿ ತಂದಿದ್ದಳು. ನನ್ನನ್ನು ನೋಡಿದ ಕೂಡಲೇ ಕೇಳಿದ ಮಾತು: “ಸಾಹೇಬ್ರ ಹೆಸ್ರು ಹಾಕಿದ್ದು ನೀವೇ ಅಲ್ದಾ?”

“ನಾನೇ.”

“ಈಗ ಆಯಿ ಹೆಸ್ರು ಹಾಕ್ತೇನೆ ಅಂತ ಬಂದಿರಿ. ನಿಮ್ಮನ್ನ ಅಂದು ನಂಬಿದ್ದಕ್ಕೇ ಹಿಂಗಾಯ್ತು. ಇಂದು ಯಾಕೆ ನಂಬ್ಬೇಕು?”

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಬಹಳ ಕಾಲದಿಂದ ಯಾರೂ ಕೇಳಿರಲಿಲ್ಲ. “ನಂಬ್ಬೇಡ. ನೀನೇ ನೋಡು” ಎಂದು ವಹಿಯನ್ನು ಅವಳ ಕೈಗೆ ಕೊಟ್ಟೆ.

ತಾಯಿ ಒಳಗೆ ಮೀನು ಹೆಚ್ಚುತ್ತಿದ್ದರು, ಹೊರಗೆ ಬರಲಿಲ್ಲ. ಮಗಳು ಜಗಲಿಯಲ್ಲಿ ಕೂತು, ವಹಿಯ ತಾರೀಖಿನ ಮೇಲೆ ಒಂದು ಬೆರಳು, ಪಂಚಾಂಗದ ಸಾಲಿನ ಮೇಲೆ ಇನ್ನೊಂದು ಬೆರಳು ಇಟ್ಟಳು. ನಾನು ಎದ್ದು ಅಂಗಳಕ್ಕೆ ಹೋದೆ, ನನ್ನ ಮುಖ ನೋಡಿ ಅವಳು ಏನನ್ನೂ ಊಹಿಸಬಾರದೆಂದು.

“ಇಲ್ಲಿ ನಿಂತಿದೆ ಅಂತ ಉಂಟು. ಪಂಚಾಂಗದಲ್ಲಿ ಎರಡು ದಿನ ಏಕಾದಶಿ” ಎಂದು ಕೂಗಿದಳು. ಸ್ವಲ್ಪ ಹೊತ್ತಿಗೆ, “ಇಲ್ಲಿ ಹಾರಿದೆ. ಷಷ್ಠಿ ಲೋಪ.” ಮೂರನೆಯದು ಕೂಡಿತು, ನಾಲ್ಕನೆಯದೂ ಕೂಡಿತು. ಐದನೆಯದಕ್ಕೆ ಅವಳು ಕೂಗುವುದನ್ನು ನಿಲ್ಲಿಸಿದಳು. ಬಹಳ ಹೊತ್ತಿನ ಮೇಲೆ, “ಇದೊಂದು ಕೂಡೂದಿಲ್ಲ” ಎಂದಳು. ಏಳನೆಯ ದೂರು. ನೀರು ಹಾರಿದೆ ಎಂದಿತ್ತು. ಪಂಚಾಂಗದಲ್ಲಿ ಯಾವ ತಿಥಿಯೂ ಲೋಪವಾಗಿರಲಿಲ್ಲ.

“ಯಾಕೆ?” ಎಂದು ಕೇಳಿದಳು.

“ಗೊತ್ತಿಲ್ಲ.”

“ಆಯೀ, ಗೊತ್ತುಂಟಾ?”

“ಮೂವತ್ತು ವರ್ಷ ಆಯ್ತೆ. ಏನೋ ತಪ್ಪು ಒತ್ತಿರ್ಬೇಕು” ಎಂದು ಒಳಗಿನಿಂದ ಉತ್ತರ ಬಂತು.

ಒಂಬತ್ತರಲ್ಲಿ ಎಂಟು. ಆ ಏಳನೆಯದಕ್ಕೆ ಸಮಾಧಾನ ಹುಡುಕುವ ಗೋಜಿಗೆ ನಾನು ಹೋಗಲಿಲ್ಲ. ಕೂಡದ್ದನ್ನು ಕೂಡಲಿಲ್ಲ ಎಂದೇ ಬಿಡುವುದು ಲೇಸು. ಮಗಳು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು. ಅವಳು ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ತಾಯಿಯ ಉತ್ತರ ಮಾತ್ರ ಕೇಳಿಸಿತು: “ಹೌದು ಮಾರಾಯ್ತಿ, ಆಯ್ತು. ಮೀನಿನ ಕೈ, ಮುಟ್ಟಬೇಡ.”

ಊಟದ ಮೇಲೆ ಮಗಳು ವಹಿಯ ಪುಟಗಳ ಮತ್ತು ಪಂಚಾಂಗದ ಚಿತ್ರ ತೆಗೆದು ಸಂಗ್ರಹದ ತರುಣಿಗೆ ಕಳಿಸಿದಳು. ಆ ತರುಣಿ ಸುಲಭಕ್ಕೆ ಒಪ್ಪುವವಳಲ್ಲ. ಪಂಚಾಂಗದ ಬೇರೊಂದು ಪ್ರತಿಯನ್ನು ತಾನೇ ಹುಡುಕಿ, ತಿಥಿಗಳನ್ನು ತಾಳೆ ನೋಡಿ, ಆಮೇಲೆಯೇ ಪಟ್ಟಿಯನ್ನು ತಿದ್ದಿದಳು. ಈಗ ಅಲ್ಲಿ ಅಂಕೋಲೆಯ ಒಬ್ಬ ಹೆಂಗಸಿನ ಹೆಸರಿದೆ. ಬರೆದಾಕೆಗೆ ತನ್ನ ಹೆಸರು ಅಲ್ಲಿದ್ದರೆ ಸಾಕಂತೆ. ಆದ್ದರಿಂದ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆಕೆಯ ತಿಥಿಯ ಲೆಕ್ಕವನ್ನು ಮತ್ತೆ ತುಂಬಿದ ಒಂದು ಪ್ರತಿಯನ್ನೂ ತರುಣಿ ಸಿದ್ಧಪಡಿಸಿದ್ದಾಳೆ, ಆಟ ಓಡುತ್ತದೆ. ಆದರೆ ಅದನ್ನು ಆಡುವಾಗ ಎಂಗೇಜ್ ಶಬ್ದವಿಲ್ಲ, ದಾರಿಗೆ ಅಡ್ಡವಾಗಿ ನಿಂತ ಬೇರೆಯವರ ದೋಣಿಯಿಲ್ಲ. ಆಟದ ಕಡತ ಉಳಿದರೆ ಆಟ ಉಳಿಯಿತು ಎನ್ನುವವರ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ.

ಮಗಳಿಗೆ ನಾನು ಮೊದಲೇ ಹೇಳದೆ ಬಿಟ್ಟದ್ದು ಒಂದಿತ್ತು. ಒಂಬತ್ತನೆಯ ದೂರಿಗೆ ಬಂದಾಗ ಅವಳೇ ಅದನ್ನು ಓದಿಕೊಂಡಳು.

ವಹಿ ಈಗ ಅಂಕೋಲೆಯ ಒಂದು ಸಾರ್ವಜನಿಕ ವಾಚನಾಲಯದಲ್ಲಿದೆ. ಆ ವರ್ಷದ ಪಂಚಾಂಗವನ್ನು, ಪುರೋಹಿತರ ಅನುಮತಿ ಪಡೆದು, ಅದರ ಜೊತೆಗೇ ಕಟ್ಟಿ ಇಟ್ಟಿದ್ದೇವೆ. ಕೇಳಿದವರಿಗೆ ಮೇಜಿನ ಮೇಲೆ ತೆರೆದು ತೋರಿಸುತ್ತಾರೆ. ನೀರಿನ ಕೊನೆಯ ದೂರು ಬಂದರಿನ ಸಾಹೇಬರ ಕೈಯದು. ನೀಲಿ ಶಾಯಿ, ಓರೆಯಾದ ಇಂಗ್ಲಿಷ್ ಅಕ್ಷರ, ಕೆಳಗೆ ಅವರ ಸಹಿ. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ‘ನೀರು ಮತ್ತೆ ನಿನ್ನೆಯ ಹೊತ್ತಿಗೇ ನಿಂತಿದೆ. ನೀವು ಕೇಳಿದ ಬಂದರಿನ ಪಟ್ಟಿಯನ್ನು ತಂದಿದ್ದೇನೆ. ಆದರೆ ಆಟ ಬರೆದ ಅಂಕೋಲೆಯವರನ್ನು ಕೇಳದೆ ಇದನ್ನು ತಿದ್ದುವುದು ಸರಿಯಲ್ಲ.’ ಅದರ ಕೆಳಗೆ ಕೆಂಪು ಶಾಯಿಯಲ್ಲಿ, ನನ್ನ ಕೈಬರಹದಲ್ಲಿ, ‘ನಿವಾರಿಸಲಾಗಿದೆ’ ಎಂದಿದೆ.